ಬಾಯಿಮನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳಹೊರಟಿರುವುದು ದೂರಲ್ಲ. ದೂರಾಗಿದ್ದರೆ ನಿಮಗದು ಕೇಳಿಸುತ್ತಲೇ ಇರಲಿಲ್ಲ. ನಮ್ಮೂರಿನಲ್ಲಿ ಯಾರಾದರೂ ತಮ್ಮ ದೂರನ್ನು ತಾವೇ ಹೇಳಿಕೊಳ್ಳಲು ಹೋದರೆ ತುಟಿ ಆಡುತ್ತದೆ, ದನಿ ಬರುವುದಿಲ್ಲ. ಹಾಲುಹಲ್ಲು ಬೀಳುವ ತನಕ ಮಕ್ಕಳು ಬೇಕಾದಷ್ಟು ಅತ್ತು ರಂಪ ಮಾಡಬಹುದು. ಹಲ್ಲು ಬಿತ್ತೋ, ಮುಗಿಯಿತು; ಆಮೇಲೆ ಹೊಟ್ಟೆ ನೋಯಲಿ, ಚಳಿಯಾಗಲಿ, ಬಾಯಿ ತೆರೆದು ಮುಚ್ಚುವುದಷ್ಟೇ. ಬರೆದು ತೋರಿಸೋಣವೆಂದರೆ ಪೆನ್ಸಿಲು ಮೂಡುವುದಿಲ್ಲ. ಯಾರಾದರೂ ಕನಿಕರಪಟ್ಟು ಕೇಳಿದರೆ ತಲೆ ಕೂಡ ಆಡುವುದಿಲ್ಲ. ಒಂದೇ ಒಲೆಯ ಅಡುಗೆ ಉಣ್ಣುವವರ ನಡುವೆಯೂ ಇದೇ ಗತಿ. ತಾಯಿ ಮಗನ ನೋವು ಹೇಳಲಾರಳು, ಗಂಡ ಹೆಂಡತಿಯ ನೋವು ಹೇಳಲಾರ. ಅದಕ್ಕೇ ನಮ್ಮಲ್ಲಿ ಬಾಗಿಲಿಗೆ ಎದುರು ಬಾಗಿಲು ಇಟ್ಟು, ಎರಡೆರಡು ಮನೆಗಳನ್ನು ಜೋಡಿಯಾಗಿ ಕಟ್ಟುತ್ತಾರೆ. ಎದುರು ಮನೆ ನಮಗೆ ಬಾಯಿಮನೆ, ನಾವು ಅವರಿಗೆ ಬಾಯಿಮನೆ. ಸೊಸೆಯ ಸಿಟ್ಟನ್ನು ಎದುರುಮನೆಯವಳು ಬಂದು ಅತ್ತೆಯ ಮುಂದೆ ಒದರಿ ಹೋಗುತ್ತಾಳೆ. ಹಾಗೆ ಒಮ್ಮೆ ಇನ್ನೊಬ್ಬರು ಹೇಳಿದ ಮೇಲೆ ಸೊಸೆ ಒಳಗೆ ನಿಂತು ಹೌದು ಹೌದೆಂದು ತಲೆಯಾಡಿಸಬಹುದು. ಹೊರಗಿನಿಂದ ಬಂದವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ನಮಗೆ ಅಭ್ಯಾಸವಾಗಿದೆ.

ಬಾಯಿಮನೆಯಲ್ಲಿ ನೀರು ಕುಡಿಯಬಹುದು, ಜಗುಲಿಯ ಮೇಲೆ ಕೂತು ಹರಟೆ ಹೊಡೆಯಬಹುದು, ಸಾಲ ಕೇಳಿ ಹಿಟ್ಟು ತರಬಹುದು. ಅವರ ಒಲೆಯ ಮೇಲೆ ಬೆಂದದ್ದನ್ನು ಮಾತ್ರ ಬಾಯಿಗಿಡುವಂತಿಲ್ಲ. ಹಬ್ಬದ ದಿನ ಓಣಿಯ ಮನೆಗಳಿಗೆಲ್ಲ ಹೋಳಿಗೆ ಹಂಚಿ ಎದುರು ಮನೆಯೊಂದನ್ನು ಬಿಟ್ಟು ಬರುತ್ತೇವೆ. ಅದು ಜಗಳವಲ್ಲ, ಮರ್ಯಾದೆ. ಆ ಮನೆಗೆ ಹೆಣ್ಣು ಕೊಡುವುದೂ ಇಲ್ಲ, ಅಲ್ಲಿಂದ ತರುವುದೂ ಇಲ್ಲ. ನೆಂಟರಾದ ಮೇಲೆ ಉಣ್ಣದೆ ಇರಲು ಆಗುತ್ತದೆಯೇ, ಹೇಳಿ.

ನನ್ನ ಬಾಯಿಮನೆಯಲ್ಲಿ ಗುರುಪಾದ ಇದ್ದ. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕೆಲಸ. ಅವನ ತಾಯಿ ಇರುವ ತನಕ ನಮ್ಮ ಮನೆಯ ದೂರುಗಳನ್ನು ಅವಳೇ ನೋಡಿಕೊಂಡಳು, ಅವಳು ಹೋದ ಮೇಲೆ ಅದು ಅವನ ಪಾಲಿಗೆ ಬಂತು. ನನ್ನ ಗಂಡ ತೀರಿಕೊಂಡು ಮನೆಯಲ್ಲಿ ನಾನೊಬ್ಬಳೇ ಉಳಿದಾಗ ಮೈದುನರು ಹಿತ್ತಲಿನ ಬಾವಿಯನ್ನು ತಮ್ಮ ಕಡೆಗೆ ಸೇರಿಸಿಕೊಂಡು ಗೋಡೆ ಎಬ್ಬಿಸಿದರು. ನಾನು ಕೊಡ ಹಿಡಿದು ಹಿತ್ತಲಿಗೆ ಹೋದವಳು ಹಾಗೆಯೇ ತಿರುಗಿ ಬಂದು, ಬೀದಿಯ ನಲ್ಲಿಯ ಕಡೆಗೆ ನಡೆದೆ. ಗುರುಪಾದ ಕುಲುಮೆಯ ಬೆಂಕಿಗೆ ತಿದಿ ಒತ್ತುತ್ತಾ ಅದನ್ನು ನೋಡಿದ. ಮರುದಿನ ಚಾವಡಿಯಲ್ಲಿ ಹಿರಿಯರ ಮುಂದೆ ನಿಂತು ಬಾವಿ ಯಾರದು, ಗೋಡೆ ಯಾರದು ಎಂದು ಬಿಡಿಸಿ ಹೇಳಿದ, ಗೋಡೆ ಬಿತ್ತು. ಬಾಯಿಮನೆಯವರ ಕೆಲಸ ಇಂಥದ್ದು. ನಮ್ಮ ನೋವನ್ನು ಅವರ ಮುಂದೆಯೂ ಹೇಳಿಕೊಳ್ಳಲಾಗುವುದಿಲ್ಲವಲ್ಲ, ಅವರೇ ನೋಡಿ ತಿಳಿಯಬೇಕು. ನನಗೆ ಹಲ್ಲು ನೋವೆಂದು ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ನಾನೂ ಅವನನ್ನು ಹಾಗೆಯೇ ನೋಡಿದ್ದೇನೆ. ಕಲಾಯಿಗೆ ಹಾಕುವ ನವಸಾಗರದ ಹೊಗೆ ಅವನ ಎದೆಗೆ ಇಳಿಯುತ್ತಿದೆ ಎಂದು ಚಾವಡಿಯಲ್ಲಿ ಹೇಳಿ, ಅವನ ಕುಲುಮೆಗೆ ಕಿಟಕಿ ಹೊಡೆಸಿದವಳು ನಾನೇ.

ಊರಿನವರೆಲ್ಲ ಅವನನ್ನು ಗುರುಪಾದಣ್ಣ ಎನ್ನುತ್ತಿದ್ದರು. ನಾನು ಆ ಹೆಸರಿಗೆ ಅಣ್ಣನನ್ನು ಸೇರಿಸಲಿಲ್ಲ. ಅವನು ಮದುವೆಯಾಗಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ, ನಾನಂತೂ ಕೇಳುವ ಹಾಗಿರಲಿಲ್ಲ. ಸಂಜೆ ನಾನು ರೊಟ್ಟಿ ಬಡಿಯಲು ಕೂತ ಸದ್ದು ಕೇಳಿದರೆ ಅವನು ತಿದಿ ನಿಲ್ಲಿಸಿ, ತನ್ನ ರೊಟ್ಟಿ ಹಿಡಿದು ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದ. ಒಮ್ಮೆ ನಗುತ್ತಾ, "ನಿನ್ನ ರೊಟ್ಟಿ ವಾಸನಿ ಹಚ್ಕೊಂಡು ನನ್ನ ರೊಟ್ಟಿ ತಿಂತೀನಿ ನೋಡು, ಪಲ್ಲೆ ಬೇಕಾಗಂಗಿಲ್ಲ" ಎಂದ. ನಾನೂ ನಕ್ಕೆ. ಒಳಗೆ ಹೋಗಿ, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಹಿಟ್ಟು ಮಾಡಿಕೊಂಡೆ.

ಹಾಗಾದರೆ ಅವನನ್ನು ಕಟ್ಟಿಕೊಳ್ಳಬೇಕಿತ್ತು, ಯಾರು ಬೇಡವೆಂದರು ಎಂದು ನೀವು ಕೇಳುತ್ತೀರಿ. ಓಣಿಯ ತುದಿಯಲ್ಲಿ ನೀಲವ್ವ ಎಂಬವಳಿದ್ದಳು. ಅವಳ ಬಾಯಿಮನೆಯವರು ಮನೆಗೆ ಬೀಗ ಹಾಕಿ ಬೇರೆ ಊರಿಗೆ ಹೋದರು. ಅವಳು ಕಟ್ಟೆಯ ಮೇಲೆ ಕೂತು ಹೋಗಿ ಬರುವವರ ಕಡೆಗೆ ಬಾಯಿ ತೆರೆದು ಮುಚ್ಚುತ್ತಿದ್ದಳು. ಗುರುಪಾದ ಅವಳ ಮನೆಯ ಹಂಡೆಗೆ ಕಲಾಯಿ ಹಾಕಲು ಹೋದಾಗಲೂ ಹಾಗೆಯೇ ಮಾಡಿದಳಂತೆ. ಮುದುಕಿ ಆಕಳಿಸುತ್ತಿದ್ದಾಳೆ ಎಂದುಕೊಂಡನಂತೆ. ಅವಳು ಸತ್ತ ಮೇಲೆ ಮೈ ತೊಳೆಯಲು ಹೋದ ಹೆಂಗಸರಿಗೆ ಎದೆಯ ಕೆಳಗಿನ ಗಡ್ಡೆ ಕಂಡಿತು. ಅದನ್ನು ಕೇಳಿದ ದಿನ ಗುರುಪಾದ ಕುಲುಮೆ ಹಚ್ಚಲಿಲ್ಲ. ನಮ್ಮ ಎರಡು ಮನೆ ಒಂದೊಲೆಯಾದರೆ ಅವನ ದೂರಿಗೆ ನಾನಿಲ್ಲ, ನನ್ನ ದೂರಿಗೆ ಅವನಿಲ್ಲ. ಬೇರೆ ಮನೆಗಳೆಲ್ಲ ಆಗಲೇ ಜೋಡಿಯಾಗಿದ್ದವು. ಆ ಮಾತನ್ನು ನಾವಿಬ್ಬರೂ ಒಮ್ಮೆಯೂ ಆಡಿಕೊಳ್ಳಲಿಲ್ಲ. ಓಣಿಯ ಆಚೆಗೆ ಅವನು, ಈಚೆಗೆ ನಾನು, ತಲೆ ಬೆಳ್ಳಗಾಗುತ್ತಾ ಬಂತು.

ಆಮೇಲೆ ಗಾಳಿ ಬಂತು. ಊರಿನ ಓಣಿಗಳ ತಗಡು, ಹಂಚು, ಗೋಡೆ ಎಲ್ಲವನ್ನೂ ಎತ್ತಿ ಎಲ್ಲೋ ಒಯ್ದು ಸುರಿಯಿತು. ಗಾಳಿ ನಿಂತು ಕಣ್ಣು ಬಿಟ್ಟಾಗ ಬಾಗಿಲೂ ಇಲ್ಲ, ಎದುರು ಬಾಗಿಲೂ ಇಲ್ಲ, ಒಲೆಯಂತೂ ಯಾರದೂ ಉಳಿದಿರಲಿಲ್ಲ. ನಮ್ಮನ್ನೆಲ್ಲ ಸಂತೆಯ ಬಯಲಿಗೆ ಸೇರಿಸಿದರು. ದೂರದ ಊರಿನ ಒಂದು ಪರಿಹಾರ ಸಂಸ್ಥೆಯವರು ಲಾರಿಗಳಲ್ಲಿ ಬಂದು ನೀಲಿ ತಾಡಪಾಲು ಕಟ್ಟಿದರು, ಕಂಬಳಿ ಹಂಚಿದರು, ನೀರಿನ ಟ್ಯಾಂಕು ಇಟ್ಟರು. ಬಯಲಿನ ನಡುವೆ ಉದ್ದಕ್ಕೆ ಕಾಲುವೆಯಂತೆ ನೆಲ ಅಗೆದು ಒಂದೇ ಒಂದು ಒಲೆ ಹಾಕಿದರು. ಅಡುಗೆಗೆ ಯಾರು ಎಂದಾಗ ಹೆಂಗಸರೆಲ್ಲ ನನ್ನ ಹೆಸರು ಹೇಳಿದರು. ಹೀಗೆ ಒಬ್ಬಳಿಗೆ ಎರಡು ರೊಟ್ಟಿ ಬಡಿದುಕೊಳ್ಳುತ್ತಿದ್ದ ನಾನು ಊರಿಗೆಲ್ಲ ಬಡಿಯುವವಳಾದೆ.

ಮೊದಲ ದಿನ ಸಾಲಿನಲ್ಲಿ ಗುರುಪಾದ ನಿಂತಿದ್ದ. ಮಣ್ಣಿನ ಗುಡ್ಡೆಯಿಂದ ಹೆಕ್ಕಿ ತಂದ ಕಲಾಯಿ ತಟ್ಟೆಯೊಂದು ಕೈಯಲ್ಲಿತ್ತು. ಅವನ ಸರದಿ ಬಂದಾಗ ನನ್ನ ಸೌಟು ನಿಂತಿತು. ಹಿಂದಿನವರು ಕತ್ತು ಚಾಚಿ ನೋಡುತ್ತಿದ್ದರು. ಆದರೆ ಅಲ್ಲಿ ಯಾರ ಬಾಯಿಮನೆಯವರು ಯಾರ ಕೈಯಲ್ಲಿ ಉಣ್ಣುತ್ತಿರಲಿಲ್ಲ? ಹಸಿದ ಹೊಟ್ಟೆಗೆ ಎಲ್ಲರೂ ಒಂದೇ ಸಮಾಧಾನ ಹೇಳಿಕೊಂಡಿದ್ದೆವು, ಇದು ಯಾರ ಮನೆಯ ಒಲೆಯೂ ಅಲ್ಲ, ಸಂಸ್ಥೆಯ ಒಲೆ ಎಂದು. ನಾನೂ ಅದನ್ನೇ ಹೇಳಿದೆ.

"ಇದು ನನ್ನ ಒಲಿ ಅಲ್ಲ, ಎಲ್ಲಾರ ಒಲಿ. ನೀಡ್ಲಿ?"

"ನೀಡು," ಎಂದ.

ಅವನು ನನ್ನ ಕಣ್ಣೆದುರೇ ನೆಲದ ಮೇಲೆ ಕೂತು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ತುಟಿ ಆಡಿತು, ಮಾತು ಹೊರಡಲಿಲ್ಲ. ಸಂತೋಷಕ್ಕೆ ಹೀಗಾಗಿದೆ ಎಂದುಕೊಂಡೆ. ಮನೆ ಹೋಗಿತ್ತು, ಪಾತ್ರೆ ಪಗಡ ಹೋಗಿತ್ತು, ಉಟ್ಟ ಸೀರೆ ಬಿಟ್ಟರೆ ಇನ್ನೊಂದಿರಲಿಲ್ಲ. ನಾನು ಮಾತ್ರ ಹೊಸ ಮದುಮಗಳ ಹಾಗೆ ಓಡಾಡಿದೆ. ಅವನು ಎರಡು ಹೊತ್ತೂ ಬಂದು ಉಂಡ, ಮರುದಿನವೂ ಬಂದ. ತಟ್ಟೆಯಲ್ಲಿ ಒಂದಗುಳೂ ಬಿಡುತ್ತಿರಲಿಲ್ಲ. ಇಷ್ಟು ಸಿಗಲು ಇಡೀ ಊರು ಹಾರಿಹೋಗಬೇಕಿತ್ತೇ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಅನಿಸಿದ್ದಕ್ಕೆ ಹೆದರಿಕೆಯೂ ಆಗುತ್ತಿತ್ತು.

ಸಂಸ್ಥೆಯವರು ಬಯಲಿನ ಒಂದು ಮೂಲೆಯಲ್ಲಿ ಅಹವಾಲು ಕೇಂದ್ರವೆಂದು ಬೋರ್ಡು ಹಾಕಿ ಸಣ್ಣ ಡೇರೆ ಕಟ್ಟಿದ್ದರು. ಅಲ್ಲಿ ವಾರಿಜಾ ಮೇಡಂ ಕೂರುತ್ತಿದ್ದರು. ನಮ್ಮ ಕುಂದುಕೊರತೆ ಕೇಳಿ, ಬರೆದುಕೊಂಡು, ಅದು ಬಗೆಹರಿಯುವ ತನಕ ಬೆನ್ನು ಹತ್ತುವುದು ಅವರ ಕೆಲಸ. ಪಾಪ, ಒಳ್ಳೆಯ ಹುಡುಗಿ. ಒಬ್ಬೊಬ್ಬರೇ ಒಳಗೆ ಬರಬೇಕು, ಬಂದ ಮೇಲೆ ಪರದೆ ಎಳೆಯುತ್ತೇನೆ, ಹೇಳಿದ್ದು ಆಚೆ ಹೋಗುವುದಿಲ್ಲ ಎಂದು ಡೇರೆ ಡೇರೆಗೂ ಬಂದು ಹೇಳಿದರು. ಜನ ಹೋದರು. ಪರದೆಯ ಹಿಂದೆ ಕೂತು ಬಾಯಿ ತೆರೆದು ಮುಚ್ಚಿ ಎದ್ದು ಬಂದರು. ಮೇಡಂ ತಮ್ಮ ಕಿವಿಯನ್ನೇ ತಿಕ್ಕಿಕೊಂಡರು. ನಾಚಿಕೆಯಿರಬೇಕೆಂದು ಡಬ್ಬಿ ಇಟ್ಟರು, ಅದರಲ್ಲಿ ಖಾಲಿ ಚೀಟಿಗಳು ಬಿದ್ದವು. ಫೋನ್ ನಂಬರು ಕೊಟ್ಟರು, ಕರೆ ಬಂದರೆ ಬರೀ ಉಸಿರಾಟ. ನಮ್ಮದು ನಮಗೆ ಹೇಳಲಾಗುವುದಿಲ್ಲ ಎಂದು ಯಾರಾದರೂ ತಿಳಿಸಬೇಕಿತ್ತಲ್ಲ ಎಂದರೆ, ಆ ಹೊತ್ತಿಗೆ ಅದೂ ಒಂದು ದೂರೇ ಆಗಿತ್ತು.

ಎರಡೆರಡು ಮನೆಯವರು ಜೊತೆಯಾಗಿ ಹೋಗಿ ನೋಡಿದರು. ಅವರ ಬಾಯಿಯೂ ಹೊರಳಲಿಲ್ಲ. ಹೆಂಗಸರ ಸ್ನಾನದ ಮರೆಗೆ ಕಟ್ಟಿದ ತಾಡಪಾಲು ಎಷ್ಟು ತೆಳುವೆಂದರೆ ಬಿಸಿಲಿನಲ್ಲಿ ಒಳಗಿನವರ ನೆರಳೆಲ್ಲ ಹೊರಗೆ ಬೀಳುತ್ತಿತ್ತು. ಅವರು ಸೂರ್ಯ ಹುಟ್ಟುವ ಮೊದಲೇ ನಡುಗುತ್ತಾ ಮೈಗೆ ನೀರು ಹಾಕಿಕೊಳ್ಳುತ್ತಿದ್ದರು. ಪಾಯಿಖಾನೆಗೆ ಚಿಲಕವಿರಲಿಲ್ಲ. ಟ್ಯಾಂಕಿನ ನೀರು ವಾಸನೆ ಹೊಡೆದು ಮಕ್ಕಳು ವಾಂತಿ ಮಾಡುತ್ತಿದ್ದವು. ಇದ್ಯಾವುದೂ ಡೇರೆಯನ್ನು ಮುಟ್ಟಲಿಲ್ಲ. ಮೇಡಂ ಪ್ರತಿ ವಾರ ಮೇಲಿನವರಿಗೆ ಒಂದೂ ದೂರು ಬಂದಿಲ್ಲ ಎಂದು ವರದಿ ಕಳಿಸಿದರು, ಮೇಲಿನವರಿಗೆ ಬಹಳ ಖುಷಿಯಾಯಿತಂತೆ.

ನನ್ನ ಬಲಗೈ ಸುಟ್ಟದ್ದು ಆಗಲೇ. ಸಾರಿನ ಕೊಪ್ಪರಿಗೆ ಇಳಿಸುವಾಗ ಮೊಣಕೈವರೆಗೆ ಚೆಲ್ಲಿತು. ಹಳೆಯ ಬಟ್ಟೆ ಸುತ್ತಿ ಸೆರಗು ಹೊದ್ದು ಕೆಲಸ ಮಾಡಿದೆ. ಗಾಯ ಕೀವು ಕಟ್ಟಿತು, ಮೈ ಕಾಯತೊಡಗಿತು. ನಾನು ಎಡಗೈಯಲ್ಲಿ ಸೌಟು ಹಿಡಿದದ್ದನ್ನು ಗುರುಪಾದ ನೋಡಿದ. ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು, ತಟ್ಟೆ ನನ್ನ ಹತ್ತಿರವಿಟ್ಟು, ನೆಟ್ಟಗೆ ಅಹವಾಲು ಡೇರೆಗೆ ಹೋದ. ನನಗೆ ಸಮಾಧಾನವಾಯಿತು, ಬೇರೆಯವರಿಗೆ ಆಗದಿದ್ದರೇನು, ಅವನು ಹೇಳುತ್ತಾನೆ, ನನ್ನ ಪಾಡು ಮುಗಿಯಿತು ಎಂದುಕೊಂಡೆ. ಒಳಗೆ ಅವನು ಮೇಡಂ ಮುಂದೆ ನಿಂತು ನನ್ನ ಕೈಯ ವಿಷಯ ಎತ್ತಿದನಂತೆ. ತುಟಿ ಆಡಿತಂತೆ, ಅಷ್ಟೇ. ಮೇಡಂ ಎಂದಿನಂತೆ ಏನೂ ತೊಂದರೆಯಿಲ್ಲ ತಾನೇ, ಸಂತೋಷ ಎಂದು ಹೇಳಿ ಕಳಿಸಿದರು.

ಅವನು ಹೊರಗೆ ಬಂದು ಕಲ್ಲಿನ ಮೇಲೆ ಕೂತುಬಿಟ್ಟ. ಬಯಲಿನ ನಡುವಿನ ಆ ಉದ್ದನೆಯ ಒಲೆಯನ್ನು ನೋಡಿದ, ತಟ್ಟೆ ಹಿಡಿದು ನಿಂತ ಇಡೀ ಊರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಒಲೆ ಯಾರದಾದರೇನು, ಉಣ್ಣುವವರೆಲ್ಲ ಒಂದೇ ಒಲೆಯವರು ಎಂಬುದು ಅವನಿಗೆ ಹೊಳೆದದ್ದು ನನಗೂ ಆಗಲೇ ಹೊಳೆಯಿತು. ಎದ್ದು ಬಂದು ತನ್ನ ತಟ್ಟೆಯ ಉಳಿದ ಊಟವನ್ನು ಪಕ್ಕದವರಿಗೆ ಹಾಕಿ, ತಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಕಾಶವ್ವ, ನಾ ಇನ್ನ ಇಲ್ಲಿ ಉಣ್ಣಂಗಿಲ್ಲ."

ಬೇಡ ಎನ್ನಲು ನಾನು ಬಾಯಿ ತೆರೆದೆ. ಬರಲಿಲ್ಲ.

ಅವನು ಬಯಲಿನ ಬೇಲಿಯಾಚೆ ಮೂರು ಕಲ್ಲು ಹೂಡಿ, ಹಸಿ ಹಿಟ್ಟು ಇಸಿದುಕೊಂಡು ತನ್ನ ರೊಟ್ಟಿ ತಾನು ಸುಟ್ಟುಕೊಳ್ಳತೊಡಗಿದ. ಒಲೆಯ ಋಣ ಮೈಯಿಂದ ಇಳಿಯಲು ಕೆಲವು ದಿನ ಬೇಕು. ಅಷ್ಟು ದಿನ ಅವನು ಸುಮ್ಮನೆ ಡೇರೆಗಳ ನಡುವೆ ಓಡಾಡುತ್ತಾ ಯಾರು ಹೇಗೆ ನಡೆಯುತ್ತಾರೆ, ಯಾರು ಯಾವ ಹೊತ್ತಿಗೆ ನೀರಿಗೆ ಹೋಗುತ್ತಾರೆ, ಯಾವ ಮಗು ಆಡಲು ಬರಲಿಲ್ಲ ಎಂದು ನೋಡಿಕೊಂಡ. ನನ್ನ ಒಲೆಯಿಂದ ಅವನ ಹೊಗೆ ಕಾಣುತ್ತಿತ್ತು. ಸುಟ್ಟ ಕೈಗಿಂತ ಅದನ್ನು ನೋಡುವುದೇ ನನಗೆ ಹೆಚ್ಚು ಸಂಕಟವಾಗುತ್ತಿತ್ತು. ಊರಿಗೆಲ್ಲ ನೀಡಿ ಕೊನೆಯಲ್ಲಿ ಒಂದು ರೊಟ್ಟಿ ಉಳಿದರೆ, ಅದನ್ನು ಯಾರಿಗೆ ಕೊಡಬೇಕೆಂದು ಗೊತ್ತಿದ್ದೂ ನಾನೇ ತಿನ್ನುತ್ತಿದ್ದೆ.

ದೂರಿಲ್ಲದ ಶಿಬಿರವನ್ನು ನೋಡಿ ಫೋಟೋ ತೆಗೆಯಲು ಸಂಸ್ಥೆಯ ದೊಡ್ಡ ಸಾಹೇಬರು ಬಂದ ದಿನವೇ ಗುರುಪಾದನಿಗೆ ದನಿ ಬಂತು. ಸಾಹೇಬರು ಅಹವಾಲು ಡೇರೆಯ ಮುಂದೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಜನ ಸುತ್ತ ಸೇರಿತ್ತು. ಇವನು ಗುಂಪಿನಿಂದ ಮುಂದೆ ಬಂದು ಕೈ ಮುಗಿದು, ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

"ಕಾಶವ್ವನ ಕೈ ಸುಟ್ಟೈತ್ರಿ. ಕೀವು ತುಂಬೇತಿ. ದವಾಖಾನಿಗೆ ಒಯ್ಯಬೇಕ್ರಿ."

ಆ ದನಿ ಕೇಳಿ ಇಡೀ ಬಯಲು ಉಸಿರು ಬಿಟ್ಟಿತು. ಅವನು ನಿಲ್ಲಲಿಲ್ಲ. ಸ್ನಾನದ ಮರೆ, ಚಿಲಕ, ಟ್ಯಾಂಕಿನ ವಾಸನೆ, ಯಾವ ಡೇರೆಯ ಮಗು ಮಲಗಿದಲ್ಲೇ ಇದೆ, ಯಾವ ಮುದುಕನಿಗೆ ಕಂಬಳಿ ಸಿಕ್ಕಿಲ್ಲ, ಎಲ್ಲವನ್ನೂ ಹೆಸರು ಹಿಡಿದು ಹೇಳಿದ. ಕೊನೆಗೆ ನನ್ನ ಕಡೆ ನೋಡದೆ, ಸಾರಿಗೆ ಉಪ್ಪು ಸಾಲುತ್ತಿಲ್ಲ ಎಂದು ಮೊದಲ ದಿನದಿಂದ ಜನಕ್ಕೆಲ್ಲ ಅನಿಸಿದೆ ಎಂದೂ ಸೇರಿಸಿದ. ಆ ಮೊದಲ ದಿನ ಅವನ ತುಟಿ ಯಾಕೆ ಆಡಿತ್ತೆಂದು ನನಗೆ ಆಗ ತಿಳಿಯಿತು. ನಗುವೂ ಬಂತು, ಮುಖ ಮುಚ್ಚಿಕೊಳ್ಳುವ ಹಾಗೂ ಆಯಿತು. ಸಾರನ್ನು ಅಷ್ಟು ದಿನ ಸಪ್ಪಗೆ ಉಂಡು ತಟ್ಟೆ ಬಳಿದಿದ್ದನಲ್ಲ, ಪುಣ್ಯಾತ್ಮ.

ಸಾಹೇಬರು ಚಹಾ ಲೋಟ ಕೆಳಗಿಟ್ಟರು. ಇಡೀ ಶಿಬಿರದ ದೂರು ಒಬ್ಬನ ಬಾಯಿಂದಲೇ ಬಂದರೆ ಅದನ್ನು ನಂಬುವುದು ಹೇಗೆ, ನೊಂದವರೇ ಬಂದು ಹೇಳಲಿ ಎಂದರು. ವಾರಿಜಾ ಮೇಡಂ ನಮ್ಮ ಪರ ಮಾತಾಡಲು ಎದ್ದು ನಿಂತರು. ಅವರ ತುಟಿಯೂ ಆಡಿತು, ದನಿ ಬರಲಿಲ್ಲ. ಮೇಡಂ ಜನರ ಜೊತೆಗೇ ಇರಬೇಕೆಂದು ದಿನವೂ ನನ್ನ ಒಲೆಯಲ್ಲೇ ಉಣ್ಣುತ್ತಿದ್ದರು. ಅವರು ಗಂಟಲಿನ ಮೇಲೆ ಕೈಯಿಟ್ಟುಕೊಂಡು ನಮ್ಮೆಲ್ಲರ ಮುಖ ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಗುರುಪಾದ ನನ್ನನ್ನು ಕರೆದ. ಅವನು ಆಗಲೇ ಹೇಳಿಯಾಗಿತ್ತಲ್ಲ, ನನ್ನ ಕೈ ಬಿಡುಗಡೆಯಾಗಿತ್ತು; ಮುಂದೆ ಹೋಗಿ ಅದಕ್ಕೆ ಸುತ್ತಿದ ಬಟ್ಟೆ ಬಿಚ್ಚಿದೆ. ಸಾಹೇಬರು ಮುಖ ತಿರುಗಿಸಿದರು. ನನ್ನ ಹಿಂದೆ ಮಗುವನ್ನು ಹೊತ್ತ ತಾಯಿ ಬಂದು ನಿಂತು ತಲೆಯಾಡಿಸಿದಳು, ಅವಳ ಹಿಂದೆ ಕಂಬಳಿಯಿಲ್ಲದ ಮುದುಕ, ಅವನ ಹಿಂದೆ ಊರು.

ನನ್ನನ್ನು ಅಂದೇ ದವಾಖಾನೆಗೆ ಒಯ್ದರು. ಕೈ ಉಳಿಯಿತು, ವಾಸಿಯಾಗಲು ಬಹಳ ದಿನ ಹಿಡಿಯುತ್ತದೆ, ಯಾರಾದರೂ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂದರು ಡಾಕ್ಟರು. ಸ್ನಾನದ ಮರೆಗೆ ದಪ್ಪ ತಟ್ಟಿ ಬಂತು, ಚಿಲಕ ಬಂತು, ಟ್ಯಾಂಕು ತೊಳೆದರು, ನಾನು ಉಪ್ಪು ಹೆಚ್ಚಿಸಿದೆ. ಒಲೆಯ ವಿಷಯವನ್ನು ಗುರುಪಾದ ಬಿಡಿಸಿ ಹೇಳಿದ ಮೇಲೆ ಮೇಡಂ ಪೇಟೆಯಿಂದ ಬನ್ನು ಬಾಳೆಹಣ್ಣು ತರಿಸಿಕೊಂಡು ತಿನ್ನತೊಡಗಿದರು, ಸಾಹೇಬರ ಜೊತೆ ಫೋನಿನಲ್ಲಿ ನಮಗಾಗಿ ಜಗಳವಾಡತೊಡಗಿದರು. ಇನ್ನೊಂದು ಒಲೆ ಬೇಕು ಎಂಬ ಉಪಾಯ ಅವರದೇ. ಎರಡು ಒಲೆಯಾದರೆ ಅರ್ಧ ಊರು ಇಲ್ಲಿ, ಅರ್ಧ ಊರು ಅಲ್ಲಿ; ಇವರದು ಅವರು, ಅವರದು ಇವರು ಹೇಳಬಹುದು. ಆದರೆ ಅದಕ್ಕೆ ಮಂಜೂರಾತಿ ಬರಬೇಕಿತ್ತು. ಅಲ್ಲಿಯ ತನಕ ಊರಿಗೆಲ್ಲ ಗುರುಪಾದನೊಬ್ಬನೇ ಬಾಯಿ. ಮೇಡಂ ಇದ್ದರು ನಿಜ, ಆದರೆ ಅವರಿಗೆ ಕೇಳಿ ತಿಳಿಯುವ ಅಭ್ಯಾಸ, ನೋಡಿ ತಿಳಿಯುವುದು ಇನ್ನೂ ಬಂದಿರಲಿಲ್ಲ.

ಹೀಗೆ ಅವನು ದಿನವೂ ಬೆಳಿಗ್ಗೆ ಡೇರೆಯಲ್ಲಿ ಊರಿನ ದೂರು ಹೇಳಿ, ಬೇಲಿಯಾಚೆ ಹೋಗಿ ಒಬ್ಬನೇ ಉಣ್ಣುತ್ತಿದ್ದ. ಅವನ ಕುತ್ತಿಗೆಯ ಎಲುಬು ಕಾಣತೊಡಗಿತು. ಒಂದು ಬೆಳಿಗ್ಗೆ ಮೇಡಂ ನನ್ನ ಗಾಯದ ಪಟ್ಟಿ ಬದಲಾಯಿಸಲು ಡೇರೆಗೆ ಕರೆಸಿದ್ದರು. ಗುರುಪಾದ ಅವತ್ತಿನ ದೂರುಗಳನ್ನು ಮುಗಿಸಿದವನು ಹೋಗದೆ ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕಾಶವ್ವಂದು ಇನ್ನೊಂದೈತ್ರಿ ಮೇಡಮ್ಮರ," ಎಂದ. "ಊರಿಗೆಲ್ಲಾ ಬಡಿಸ್ತಾಳ. ಯಾರಿಗೆ ಬಡಿಸಬೇಕಂತ ಇಷ್ಟು ವರ್ಷ ಕಾದಾಳೋ, ಅವಗ ಬಡಿಸಾಕ ಆಗವಲ್ದು."

ಮೇಡಂ ನನ್ನ ಕಡೆ ನೋಡಿದರು. ನನ್ನ ತಲೆ ತಾನಾಗಿ ಆಡಿತು. ಇಷ್ಟು ಕಾಲ ನನ್ನೊಳಗೇ ಕೊಳೆತ ಮಾತನ್ನು ಅವನು ಅಷ್ಟು ಜೋಪಾನವಾಗಿ ಎತ್ತಿ ಹೊರಗಿಟ್ಟಿದ್ದ. ಅವನು ತಿರುಗಿ ಹೊರಡುವಾಗ ಅವನ ತುಟಿ ಆಡುತ್ತಿದ್ದುದು ಕಂಡಿತು, ದನಿಯಿಲ್ಲ. ಆಗ ನನಗೆ ನೆನಪಾಯಿತು, ಅವನು ನನ್ನ ಒಲೆ ಬಿಟ್ಟು ಎಷ್ಟೋ ದಿನವಾಗಿತ್ತು. ಅವನು ನನ್ನದನ್ನು ಹೇಳುವಂತಾದ ಹಾಗೆ, ಅವನದನ್ನು ನಾನೂ ಹೇಳುವಂತಾಗಿತ್ತು.

"ಇವರದೂ ಒಂದು ಬರ್ಕೋರಿ," ಎಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು. "ಒಬ್ಬಾಕಿ ಒಲಿ ಮುಂದ ಕುಂತು, ಆಕಿ ಕೈಯಿಂದ ಬಿಸಿ ರೊಟ್ಟಿ ತಿನ್ನಬೇಕಂತ ಇವರಿಗೂ ಐತ್ರಿ. ಭಾಳ ವರ್ಷದಿಂದ ಐತಿ."

ಗುರುಪಾದ ಬೆನ್ನು ತಿರುಗಿಸಿಕೊಂಡೇ ತಲೆಯಾಡಿಸಿದ. ನಾವು ಆಡಿಕೊಂಡ ಪ್ರೀತಿಯ ಮಾತೆಂದರೆ ಅದೊಂದೇ. ಅದಕ್ಕೂ ಮೇಡಂ ನಂಬರು ಹಾಕಿದರು. ಆಹಾರ ವಿಭಾಗಕ್ಕೆ ಸೇರಿಸಲೇ, ವಸತಿಗೆ ಸೇರಿಸಲೇ ಎಂದು ಯೋಚಿಸಿ, ಕೊನೆಗೆ ಕಣ್ಣು ಒರೆಸಿಕೊಂಡು ಎರಡನ್ನೂ ಇತರೆ ಎಂಬಲ್ಲಿ ಬರೆದರು.

ಎರಡನೆಯ ಒಲೆಗೆ ಮಂಜೂರಾತಿ ಬಂತು. ಬಯಲಿನ ಆ ತುದಿಯಲ್ಲಿ ನೆಲ ಅಗೆದು, ಮೇಲಿನ ಓಣಿಯ ದ್ಯಾಮವ್ವನನ್ನು ಅಡುಗೆಗೆ ಹಾಕಿದರು. ಇನ್ನು ಗುರುಪಾದ ಬೇಲಿಯಾಚೆ ಇರಬೇಕಾಗಿರಲಿಲ್ಲ, ಯಾವ ಒಲೆಯಲ್ಲಾದರೂ ಉಣ್ಣಬಹುದಿತ್ತು. ಮೇಡಂ ನನ್ನ ಹತ್ತಿರ ಬಂದು, ಇದನ್ನು ನನಗಾಗಿಯೇ ಮಾಡಿಸಿದವರ ಹಾಗೆ ಹುಬ್ಬು ಹಾರಿಸಿ ಹೋದರು. ನಾನು ಅವತ್ತು ಬೆಳಿಗ್ಗೆಯೇ ತಲೆ ಬಾಚಿ, ಹಂಚಿಕೆಯಲ್ಲಿ ಸಿಕ್ಕ ಹೊಸ ಸೀರೆಯುಟ್ಟೆ. ಸಾರಿಗೆ ಉಪ್ಪು ಹಾಕಿ, ನಾಲ್ಕು ಹೆಂಗಸರಿಗೆ ರುಚಿ ನೋಡಿಸಿದೆ. ಅವರಿಗೆ ದೂರಿದ್ದರೂ ಹೇಳಲಾಗದೆಂದು ಮರೆತೇಹೋಗಿತ್ತು.

ಜನ ಎರಡು ಸಾಲಾಗಿ ನಿಂತರು. ಗುರುಪಾದ ಬೇಲಿ ದಾಟಿ ಬಂದ. ತಟ್ಟೆಗೆ ಹೊಸದಾಗಿ ಕಲಾಯಿ ಹಾಕಿದ್ದ, ಬಿಸಿಲಿಗೆ ಅದು ಹೊಳೆಯಿತು. ಎರಡು ಸಾಲುಗಳ ನಡುವೆ ನಿಂತು ನನ್ನ ಒಲೆಯನ್ನು ನೋಡಿದ. ನಾನು ಹಂಚಿನ ಮೇಲಿನ ರೊಟ್ಟಿ ಮಗುಚಿದೆ. ಅದು ಬಲೂನಿನಂತೆ ಉಬ್ಬಿತು. ಅವನು ನಮ್ಮ ಸಾಲಿನ ತುದಿಗೆ ಬರಲಿಲ್ಲ, ಸೀದಾ ನನ್ನ ಮುಂದೆ ಬಂದು ನಿಂತ. ನಾನು ರೊಟ್ಟಿ ಎತ್ತಿ ಹಿಡಿದೆ. ಅವನು ಅದನ್ನು ನೋಡಲಿಲ್ಲ, ನನ್ನ ಮೊಣಕೈಯ ಪಟ್ಟಿ ನೋಡುತ್ತಿದ್ದ.

"ಕೈ ಇನ್ನೂ ಮಾಯ್ದಿಲ್ಲ ನಿಂದು," ಎಂದ. "ನೋಡಿ ಹೇಳಾಕ ಒಬ್ರು ಬೇಕಲ್ಲ."

ಹಾಗೆಂದು ತಟ್ಟೆ ಹಿಡಿದು ಬಯಲಿನ ಆ ತುದಿಗೆ, ದ್ಯಾಮವ್ವನ ಸಾಲಿಗೆ ಹೋದ. ಅಲ್ಲಿ ಉಣ್ಣುವ ಯಾರು ಬೇಕಾದರೂ ನನ್ನ ಕೈಯ ಬಗ್ಗೆ ಹೇಳಬಹುದಿತ್ತು, ಅರ್ಧ ಊರೇ ಇತ್ತಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ನೀಲವ್ವ ಬಾಯಿ ತೆರೆದದ್ದನ್ನೂ ಅರ್ಧ ಊರು ನೋಡಿತ್ತು. ಅವನು ನನ್ನ ರೊಟ್ಟಿಯನ್ನು ಬಿಟ್ಟಾನು, ನನ್ನ ನೋವನ್ನು ಬೇರೆಯವರ ಕಣ್ಣಿಗೆ ಬಿಡಲಾರ. ನಾನು ಎತ್ತಿ ಹಿಡಿದ ರೊಟ್ಟಿಯನ್ನು ಸಾಲಿನಲ್ಲಿದ್ದ ಮುಂದಿನವರಿಗೆ ನೀಡಿದೆ.

ಶಿಬಿರ ಮುಗಿಯಿತು. ಊರಿನ ಓಣಿಗಳಲ್ಲಿ ಮತ್ತೆ ಮನೆಗಳೆದ್ದವು, ಬಾಗಿಲಿಗೆ ಎದುರು ಬಾಗಿಲು. ಸಂಸ್ಥೆಯವರು ಹೊರಡುವ ಮುಂಚೆ ವಾರಿಜಾ ಮೇಡಂ ತಾವು ಬರೆದುಕೊಂಡ ಒಂದೊಂದು ದೂರಿನ ಮನೆಗೂ ಹೋಗಿ, ಬಗೆಹರಿಯಿತೇ, ಮುಗಿಸಲೇ ಎಂದು ಕೇಳಿ ಬಂದರು. ಕೊನೆಗೆ ಇತರೆಯ ಎರಡು ಉಳಿದವು. ಓಣಿಯ ನಡುವೆ ನಿಂತು ಒಮ್ಮೆ ಈ ಬಾಗಿಲಿನ ಕಡೆಗೆ, ಒಮ್ಮೆ ಆ ಬಾಗಿಲಿನ ಕಡೆಗೆ ತಿರುಗಿ, ಮುಗಿಸಲೇ ಎಂದರು. ಇಬ್ಬರೂ ಬೇಡವೆಂದು ತಲೆಯಾಡಿಸಿದೆವು. ಅವರು ಹಾಗೆಯೇ ಬಿಟ್ಟು ಹೋದರು.

ಈಗ ಸಂಜೆಯಾಗಿದೆ. ನಾನು ರೊಟ್ಟಿ ಬಡಿಯಲು ಕೂತಿದ್ದೇನೆ, ಕೈ ಮಾಯ್ದು ಕಲೆ ಉಳಿದಿದೆ. ಎದುರು ತಿದಿಯ ಸದ್ದು ನಿಂತಿತು. ಅವನು ಒಂದು ಕಡೆ ಕರಕಾದ ತನ್ನ ರೊಟ್ಟಿ ಹಿಡಿದು ಹೊಸ್ತಿಲ ಮೇಲೆ ಬಂದು ಕೂತಿದ್ದಾನೆ. ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ನಿಮಗೆ ಕೇಳಿಸಿತು, ಯಾಕೆಂದರೆ ಅದು ಆಗಿಹೋದ ಸಂಗತಿ. ಇನ್ನೊಂದು ಮಾತಿದೆ. ಅದನ್ನು ನಾನು ಈಗ ಹೇಳಿದೆ. ಕೇಳಿಸಲಿಲ್ಲ ಅಲ್ಲವೇ? ಓಣಿ ದಾಟಿ ಎದುರು ಮನೆಗೆ ಹೋಗಿ ಕೇಳಿ, ಅವನು ಹೇಳುತ್ತಾನೆ.